ಒಂದೇ ಕೈ ಹೋಗುವ ಕಿಂಡಿ

ಕೊಡಿಗೇಹಳ್ಳಿಯ ಬ್ಯಾಟರಾಯಪ್ಪನವರ ಮಗಳು ಪದ್ಮಶ್ರೀಯ ಕೈ ಬಹಳ ಚಿಕ್ಕದು. ಎಂಟನೆಯ ತರಗತಿಯಲ್ಲಿ ಕಪ್ಪುಹಲಗೆಯ ಮುಂದೆ ನಿಂತು ಲೆಕ್ಕ ಬಿಡಿಸುವಾಗ ಸೀಮೆಸುಣ್ಣವೇ ಅವಳ ಬೆರಳಿಗಿಂತ ದಪ್ಪವಾಗಿ ಕಾಣುತ್ತಿತ್ತು. ಹಿಂದಿನ ಬೆಂಚಿನ ಹುಡುಗರು ನಗುತ್ತಿದ್ದರು. ಅವಳು ತಿರುಗಿ ನೋಡದೆ ಲೆಕ್ಕ ಮುಗಿಸಿ, ಕೈ ಕೊಡವಿಕೊಂಡು ಬಂದು ಕೂರುತ್ತಿದ್ದಳು. ಆ ಮಗು ಮುಂದೆ ಎಂಜಿನಿಯರಿಂಗ್ ಓದಿ, ಯಲಹಂಕದ ಕಡೆ ಸಣ್ಣ ವಿಮಾನಗಳನ್ನು ತಯಾರಿಸುವ ಒಂದು ಕಂಪನಿಯಲ್ಲಿ ವಿನ್ಯಾಸಕಿಯಾಗಿ ಸೇರಿದಾಗ ನಮ್ಮ ಬೀದಿಯವರಿಗೆಲ್ಲ ಸಂತೋಷವಾಯಿತು. ಅದೇ ಚಿಕ್ಕ ಕೈ ಅವಳನ್ನು ವರ್ಷಗಟ್ಟಲೆ ಒಂದು ಕೋಣೆಯಲ್ಲಿ ಕೂಡಿಹಾಕುತ್ತದೆ ಎಂದು ಆಗ ಯಾರು ತಾನೆ ಊಹಿಸಬಲ್ಲವರಾಗಿದ್ದರು?

ಅವರ ಕಂಪನಿಯ ವಿಮಾನ ಇಬ್ಬರು ಕೂರುವಂಥದು. ಹಾರಾಟ ಕಲಿಸುವ ಶಾಲೆಗಳು ಅದನ್ನು ಕೊಳ್ಳುತ್ತವೆ. ರೆಕ್ಕೆಯು ವಿಮಾನದ ಮೈಗೆ ಸೇರುವ ಜಾಗದಲ್ಲಿ ಪೆಟ್ಟಿಗೆಯಂಥ ಒಂದು ಭಾಗವಿರುತ್ತದೆ. ರೆಕ್ಕೆಯ ಭಾರವೆಲ್ಲ ಅದರ ಮೂಲಕವೇ ಮೈಗೆ ಇಳಿಯಬೇಕು. ಮೊದಲು ಅದನ್ನು ಅಲ್ಯೂಮಿನಿಯಂ ತಗಡುಗಳನ್ನು ರಿವೆಟ್ ಹೊಡೆದು ಜೋಡಿಸಿ ಮಾಡುತ್ತಿದ್ದರು. ಅದನ್ನು ಹಗುರ ಮಾಡಬೇಕೆಂಬ ಕೆಲಸ ಪದ್ಮಶ್ರೀಯ ಪಾಲಿಗೆ ಬಂದಿತು. ಅವಳು ಕಾರ್ಬನ್ ನಾರಿನ ಬಟ್ಟೆಯನ್ನು ಪದರ ಪದರವಾಗಿ ಅಂಟಿಸಿ, ನಡುವೆ ಫೋಮ್ ಇಟ್ಟು, ಎಲ್ಲ ಕಡೆಯೂ ಮುಚ್ಚಿದ ಒಂದೇ ಪೆಟ್ಟಿಗೆಯನ್ನು ರೂಪಿಸಿದಳು. ತೂಕ ಅರ್ಧದಷ್ಟು ಇಳಿಯಿತು. ಅವಳ ಮೇಲಧಿಕಾರಿ ರಘುನಾಥ್ ಅವರು ಆ ಪೆಟ್ಟಿಗೆಯನ್ನು ಒಂದೇ ಕೈಯಲ್ಲಿ ಎತ್ತಿ ಹಿಡಿದು ಎಲ್ಲರಿಗೂ ತೋರಿಸಿದರಂತೆ.

ಇಂಥ ಭಾಗದ ಒಳಗೆ ಅಂಟು ಬಿಟ್ಟಿದೆಯೋ ಇಲ್ಲವೋ ಎಂದು ತಿಳಿಯಬೇಕಾದರೆ ಕತ್ತರಿಸಿ ನೋಡುವಂತಿಲ್ಲ. ಕತ್ತರಿಸಿದರೆ ಭಾಗವೇ ಹೋಯಿತು. ಆದ್ದರಿಂದ ಕಿವಿಗೆ ಕೇಳಿಸದ ಶಬ್ದವನ್ನು ಒಳಗೆ ಕಳುಹಿಸಿ, ಅದು ಮರಳಿ ಬರುವ ಬಗೆಯನ್ನು ಪರದೆಯ ಮೇಲೆ ನೋಡುತ್ತಾರೆ. ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡುವ ಹಾಗೆಯೇ ಇಲ್ಲಿಯೂ ಜೆಲ್ ಹಚ್ಚಿ, ಪ್ರೋಬ್ ಎಂಬ ಸಣ್ಣ ಉಪಕರಣವನ್ನು ಒತ್ತಿ ಹಿಡಿದು ಮೆಲ್ಲಗೆ ಸರಿಸಬೇಕು. ಪದ್ಮಶ್ರೀಯ ಪೆಟ್ಟಿಗೆಯಲ್ಲಿ ಒಂದು ತೊಡಕಿತ್ತು. ಹೊರಗಡೆಯಿಂದ ಪ್ರೋಬ್ ಒತ್ತಿದರೆ ನಡುವಿನ ಫೋಮ್ ಶಬ್ದವನ್ನೆಲ್ಲ ನುಂಗಿಬಿಡುತ್ತಿತ್ತು. ಮುಖ್ಯವಾದ ಜೋಡಣೆ ಒಳಮೂಲೆಯಲ್ಲಿ ಇದ್ದುದರಿಂದ ಒಳಗೆ ಕೈ ಹಾಕಿಯೇ ಪರೀಕ್ಷಿಸಬೇಕಾಗಿತ್ತು. ಅದಕ್ಕಾಗಿ ಪೆಟ್ಟಿಗೆಯ ಪಕ್ಕದಲ್ಲಿ ಅವಳು ಒಂದು ದುಂಡನೆಯ ಕಿಂಡಿಯನ್ನು ಇಟ್ಟಳು.

ಕಿಂಡಿ ದೊಡ್ಡದಾದಷ್ಟೂ ಅದರ ಅಂಚನ್ನು ದಪ್ಪ ಮಾಡಬೇಕು. ದಪ್ಪ ಮಾಡಿದರೆ ತೂಕ ಏರುತ್ತದೆ. ಅವಳು ಥರ್ಮೊಕೋಲಿನಲ್ಲಿ ಮಾದರಿಯನ್ನು ಮಾಡಿಕೊಂಡು, ಕಿಂಡಿಯನ್ನು ಸ್ವಲ್ಪ ಸ್ವಲ್ಪವಾಗಿ ಚಿಕ್ಕದು ಮಾಡುತ್ತ, ಪ್ರತಿ ಸಲವೂ ತನ್ನ ಕೈಯನ್ನು ತೂರಿಸಿ ನೋಡಿದಳು. ಹೆಬ್ಬೆರಳನ್ನು ಅಂಗೈಗೆ ಮಡಚಿ, ಬಿಗಿಯಾದ ಬಳೆ ತೊಡುವಾಗ ಮಾಡುವ ಹಾಗೆ ಕೈಯನ್ನು ಒತ್ತಿದರೆ ಸಲೀಸಾಗಿ ಹೋಗುವ ಅಳತೆಗೆ ನಿಲ್ಲಿಸಿದಳು. ಒಪ್ಪಿಗೆಯ ಸಭೆಯಲ್ಲಿಯೂ ಹಾಗೆಯೇ ಹಾಕಿ, ತೆಗೆದು ತೋರಿಸಿದಳು. ಸುತ್ತಲೂ ದೊಡ್ಡ ದೊಡ್ಡ ಎಂಜಿನಿಯರುಗಳು ನಿಂತಿದ್ದರು. ಎಲ್ಲರೂ ಅವಳ ಕೈಯನ್ನೇ ನೋಡಿದರು. ತಮ್ಮ ಕೈಯನ್ನೂ ಒಮ್ಮೆ ಹಾಕಿ ನೋಡಬೇಕೆಂದು ಒಬ್ಬರಿಗೂ ಹೊಳೆಯಲಿಲ್ಲ, ಅವಳಿಗೂ ಹೊಳೆಯಲಿಲ್ಲ.

ಮೊದಲ ಪೆಟ್ಟಿಗೆ ಪರೀಕ್ಷೆಯ ಕೋಣೆಗೆ ಬಂದಾಗ ಅಲ್ಲಿದ್ದವರು ಶೆಟ್ಟಿಹಳ್ಳಿಯ ವಿಜಯ್ ಕುಮಾರ್, ಅನುಭವಿ ಪರೀಕ್ಷಕರು. ಅವರ ಕೈ ಕಿಂಡಿಯಲ್ಲಿ ಬೆರಳಿನ ಗೆಣ್ಣಿನವರೆಗೆ ಹೋಗಿ ನಿಂತಿತು.

"ಮೇಡಂ, ನನ್ ಕೈ ಇರ್ಲಿ, ಇದ್ರಲ್ಲಿ ನನ್ ಮಗನ್ ಕೈಯೂ ಹೋಗಲ್ಲ. ಅವ್ನು ಇನ್ನೂ ಹೈಸ್ಕೂಲು."

"ಬೆರಳು ಮಡಚಿ ವಿಜಯ್ ಅವ್ರೇ. ಹೆಬ್ಬೆರಳು ಒಳಕ್ಕೆ."

"ಮಡಚೋಕೆ ಇದೇನು ಕರ್ಚೀಫಾ?"

ಕೋಣೆಯಲ್ಲಿ ಇದ್ದವರು ಒಬ್ಬೊಬ್ಬರಾಗಿ ಬಂದು ಪ್ರಯತ್ನಿಸಿದರು. ಯಾರ ಕೈಯೂ ಹೋಗಲಿಲ್ಲ. ಕೋಲಿನ ತುದಿಗೆ ಪ್ರೋಬನ್ನು ಕಟ್ಟಿ ನೋಡಿದರು. ಮೂಲೆಯ ತಿರುವಿನಲ್ಲಿ ಅದು ಓರೆಯಾಗಿ, ಪರದೆಯ ಮೇಲೆ ಗೆರೆ ನಿಲ್ಲಲೇ ಇಲ್ಲ. ಬೆರಳ ತುದಿಯಿಂದ ಒತ್ತಿ ಹಿಡಿದರೆ ಮಾತ್ರ ಅದು ಸರಿಯಾಗಿ ಕೂರುತ್ತಿತ್ತು. ಅಷ್ಟರಲ್ಲಿ ವಿನ್ಯಾಸಕ್ಕೆ ಸರ್ಕಾರದ ಮಂಜೂರಾತಿಯೂ ಸಿಕ್ಕಿಬಿಟ್ಟಿತ್ತು. ಕಿಂಡಿಯನ್ನು ಒಂದು ಕೂದಲೆಳೆಯಷ್ಟು ದೊಡ್ಡದು ಮಾಡಿದರೂ ಬಲದ ಪರೀಕ್ಷೆಗಳನ್ನೆಲ್ಲ ಮೊದಲಿನಿಂದ ಮಾಡಬೇಕು.

"ಸದ್ಯಕ್ಕೆ ನೀವೇ ಮಾಡಿ ಪದ್ಮಶ್ರೀ," ಎಂದರು ರಘುನಾಥ್. "ಒಂದೆರಡು ತಿಂಗಳು ಅಷ್ಟೆ. ಆಮೇಲೆ ಏನಾದ್ರೂ ದಾರಿ ನೋಡೋಣ."

ಅವಳು ಪರೀಕ್ಷಕಿಯಾಗಲು ಬೇಕಾದ ತರಬೇತಿಯನ್ನು ಪಡೆದು, ಪರೀಕ್ಷೆಯಲ್ಲಿ ತೇರ್ಗಡೆಯಾದಳು. ತಾನೇ ರೂಪಿಸಿದ ಭಾಗವನ್ನು ತಾನೇ ಪರೀಕ್ಷಿಸುವುದು ಮೊದಮೊದಲು ಅವಳಿಗೆ ಹೆಮ್ಮೆಯಾಗಿಯೇ ಇತ್ತು. ಆದರೆ ಆ ಒಂದೆರಡು ತಿಂಗಳು ಮುಗಿಯಲೇ ಇಲ್ಲ. ಹೊಸ ಪೆಟ್ಟಿಗೆಗಳು ತಯಾರಾಗುತ್ತಲೇ ಇದ್ದವು. ಹಾರುತ್ತಿದ್ದ ವಿಮಾನಗಳೂ ಇಷ್ಟು ಗಂಟೆ ಹಾರಿದ ಮೇಲೆ ಒಮ್ಮೆ ಪರೀಕ್ಷೆಗೆ ಬರಬೇಕೆಂಬ ನಿಯಮವಿತ್ತು. ವಿಮಾನಗಳ ಸಂಖ್ಯೆ ಬೆಳೆಯಿತು. ಕೈ ಮಾತ್ರ ಒಂದೇ.

ಆ ಕೋಣೆಗೆ ಕಿಟಕಿಯಿರಲಿಲ್ಲ. ಪೆಟ್ಟಿಗೆಯೊಳಗೆ ಬಲಗೈಯನ್ನು ಮೊಣಕೈವರೆಗೆ ತೂರಿಸಿ, ಕೆನ್ನೆಯನ್ನು ತಣ್ಣನೆಯ ಕಾರ್ಬನ್ ಗೋಡೆಗೆ ಒತ್ತಿಕೊಂಡು, ಓರೆಗಣ್ಣಿನಿಂದ ಪರದೆಯನ್ನು ನೋಡುತ್ತ ನಿಲ್ಲಬೇಕು. ಮೂಗು ತುರಿಸಿದರೂ ಕೈ ಬಿಡಿಸಿಕೊಳ್ಳುವಂತಿಲ್ಲ. ಹೊರಗೆ ಸಹೋದ್ಯೋಗಿಗಳು ಅವಳಿಗೆ ಹೊಸ ಹೆಸರನ್ನಿಟ್ಟಿದ್ದರು. ಮೆಕ್ಯಾನಿಕ್ ಅರ್ಬಾಜ್ ಅವಳನ್ನು ಕಂಡೊಡನೆ, "ಕೈ ಮೇಡಂ ಬಂದ್ರು, ದಾರಿ ಬಿಡ್ರೋ!" ಎಂದು ಕೂಗುತ್ತಿದ್ದ. ಅವನಿಗೆ ಅವಳ ಮೇಲೆ ಪ್ರೀತಿಯೇ. ಆದರೂ ಆ ಹೆಸರನ್ನು ಕೇಳಿದಾಗ ತನ್ನ ಉಳಿದ ಮೈ, ತಲೆ, ಓದು ಎಲ್ಲವನ್ನೂ ಗೇಟಿನ ಹೊರಗೆ ಬಿಟ್ಟುಬಂದ ಹಾಗೆ ಆಗುತ್ತದೆ ಎಂದು ಒಮ್ಮೆ ನಮ್ಮ ಮನೆಗೆ ಬಂದಾಗ ಹೇಳಿದಳು.

ಮನೆಯಲ್ಲಿಯೂ ಅವಳ ಕೈಗೆ ಕಾವಲಿತ್ತು. ಅವಳು ಬಿಸಿ ಕುಕ್ಕರ್ ಮುಟ್ಟಿದರೆ ತಾಯಿ ಗೋಪಾಲಮ್ಮ ಓಡಿ ಬರುತ್ತಿದ್ದರು. ಗಂಡ ಮುನೀಂದ್ರ ಸ್ಕೂಟರ್ ಕಲಿಯಲು ಬಿಡಲಿಲ್ಲ. ಬಿದ್ದು ಕೈ ಮುರಿದುಕೊಂಡರೆ ವಿಮಾನಗಳು ನಿಲ್ಲುತ್ತವೆ ಎಂಬ ಮಾತು ತಮಾಷೆಯಾಗಿ ಶುರುವಾಗಿ ಮನೆಯ ನಿಯಮವಾಗಿತ್ತು. ಮದುವೆಯಾದ ಹೊಸತರಲ್ಲಿ ಇಬ್ಬರೂ ಮೇಲುಕೋಟೆಗೆ ಹೊರಟವರು ಬಿಡದಿಯಿಂದಲೇ ಹಿಂದಿರುಗಿದರು: ಕಂಪನಿಯಲ್ಲಿ ಒಂದು ಹಾರಾಟ ಶಾಲೆಯ ವಿಮಾನ ಪರೀಕ್ಷೆಗೆ ಬಂದು ನಿಂತಿತ್ತು. ಕಂಪನಿಯು ಎರಡು ಎಂಜಿನ್ನುಗಳ ಹೊಸ ವಿಮಾನಕ್ಕೆ ರೆಕ್ಕೆಯನ್ನು ರೂಪಿಸುವ ತಂಡ ಕಟ್ಟಿದಾಗ ಅವಳು ಸೇರಬೇಕೆಂದು ಆಸೆಪಟ್ಟಳು. ಅವಳ ಜೊತೆಗೆ ಕೆಲಸಕ್ಕೆ ಸೇರಿದ್ದ ಅಕ್ಷಯಾಳಿಗೆ ಅವಕಾಶ ಸಿಕ್ಕಿತು. ಇವಳು ಕೇಳಿದಾಗ ರಘುನಾಥ್ ಅವರು ನಿಜವಾಗಿಯೂ ಬೇಸರಪಟ್ಟುಕೊಂಡೇ, "ನೀವು ಹೋದ್ರೆ ಪೆಟ್ಟಿಗೆ ಯಾರ್ ನೋಡ್ತಾರೆ ಹೇಳಿ?" ಎಂದರು. ರೆಕ್ಕೆಯ ಚಿತ್ರ ಬರೆಯಬೇಕಾಗಿದ್ದ ಅವಳು ಮತ್ತೆ ಕಿಟಕಿಯಿಲ್ಲದ ಕೋಣೆಗೆ ಹೋದಳು.

ಹೀಗೆ ಏಳೆಂಟು ವರ್ಷಗಳು ಕಳೆದ ಮೇಲೆ ಅವಳು ಗರ್ಭಿಣಿಯಾದಳು. ಏಳನೆಯ ತಿಂಗಳಿನಲ್ಲಿ ಸೀಮಂತ. ಕೈತುಂಬ ಹಸಿರು ಬಳೆ ತೊಡಿಸಿದ ಮೇಲೆ ಹೆರಿಗೆಯಾಗುವವರೆಗೆ ತೆಗೆಯಬಾರದೆಂಬುದು ಅವರ ಮನೆತನದ ಪದ್ಧತಿ. ಬಳೆಯಿದ್ದರೆ ಕೈ ಕಿಂಡಿಗೆ ಹೋಗದು. ಸೀಮಂತಕ್ಕೆ ನಾವು ಹೋದಾಗ ನಡುಮನೆಯಲ್ಲಿ ತಾಯಿ ಮಗಳ ನಡುವೆ ಇದೇ ವಿಷಯದಲ್ಲಿ ಮಾತು ನಡೆದಿತ್ತು.

"ಅಸಿರು ಬಳೆ ಆಕಿದ್ಮೇಲೆ ತೆಗೆಯಂಗಿಲ್ಲ ಕಣವ್ವ. ನಿಮ್ ಇಮಾನ ಕಾಯ್ಲಿ," ಎಂದರು ಗೋಪಾಲಮ್ಮ.

"ಅದು ಕಾಯಲ್ಲಮ್ಮ. ಈಗ್ಲೇ ಸಾಲಾಗಿ ನಿಂತಿವೆ."

"ನಿಂತ್ಕಳ್ಳಿ ಬಿಡು. ನಿಂತಿರೋ ಇಮಾನ ಕೆಳೀಕ್ ಬೀಳಾಕಿಲ್ಲ."

ಸುತ್ತ ಕುಳಿತಿದ್ದ ಹೆಂಗಸರೆಲ್ಲ ನಕ್ಕರು. ಪದ್ಮಶ್ರೀ ನಗಲಿಲ್ಲ. ಕೊನೆಗೆ ಹಿರಿಯರಾದ ಸೊಣ್ಣಮ್ಮನವರು ನಡುವೆ ಬಂದು ಒಂದು ಉಪಾಯ ಹೇಳಿದರು: ಎಡಗೈಗೆ ಬಳೆ ತೊಡಿಸುವುದು, ಬಲಗೈಯ ಪಾಲಿನ ಬಳೆಗಳನ್ನು ದೇವರ ಮುಂದಿನ ಕಲಶಕ್ಕೆ ಹಾಕುವುದು. ಗೋಪಾಲಮ್ಮ ಒಪ್ಪಿದರು, ಆದರೆ ಮಗಳ ಬರಿಯ ಬಲಗೈಯನ್ನು ನೋಡಿ ಸೆರಗಿನಿಂದ ಕಣ್ಣೊರೆಸಿಕೊಂಡರು.

ಅದಾದ ಕೆಲವು ದಿನಗಳಿಗೆ ಒಂದು ಮಧ್ಯಾಹ್ನ ಅವಳು ಎಂದಿನಂತೆ ಪೆಟ್ಟಿಗೆಯೊಳಗೆ ಕೈ ಹಾಕಿದಳು. ಗರ್ಭಿಣಿಯಾದ್ದರಿಂದ ಕೈ ಸ್ವಲ್ಪ ಊದಿಕೊಂಡಿತ್ತು. ಒತ್ತಿದಾಗ ಒಳಗೆ ಹೋಯಿತು. ಪರೀಕ್ಷೆಯೂ ಮುಗಿಯಿತು. ಹೊರಗೆ ಎಳೆದರೆ ಬರಲಿಲ್ಲ. ಇನ್ನಷ್ಟು ಎಳೆದಳು, ಕಿಂಡಿಯ ಅಂಚು ಚರ್ಮಕ್ಕೆ ಕಚ್ಚಿತು. ಎಳೆದಷ್ಟೂ ಕೈ ಇನ್ನೂ ಊದಿತು.

ಪಕ್ಕದಲ್ಲಿ ಬೇರೊಂದು ಭಾಗವನ್ನು ನೋಡುತ್ತಿದ್ದ ವಿಜಯ್ ಕುಮಾರ್ ಓಡಿ ಬಂದು ಜೆಲ್ಲಿನ ಬಾಟಲಿಯನ್ನೇ ಕಿಂಡಿಗೆ ಸುರಿದರು.

"ಮೇಡಂ, ಹೆದರ್ಬೇಡಿ. ಏನೂ ಆಗ್ಲಿಲ್ಲ ಅಂದ್ರೆ ಗರಗಸ ಇದೆ."

"ಕೈಗಾ, ಪೆಟ್ಟಿಗೆಗಾ?"

"ಪೆಟ್ಟಿಗೆ ಕುಯ್ದ್ರೆ ಸಾಹೇಬ್ರು ಬೈತಾರೆ, ಕೈ ಕುಯ್ದ್ರೆ ನಿಮ್ಮಮ್ಮ ಬೈತಾರೆ. ಸಾಹೇಬ್ರೇ ವಾಸಿ."

ಅವಳು ಜೋರಾಗಿ ನಕ್ಕಳು. ನಗುತ್ತಲೇ ಅಳು ಬಂದುಬಿಟ್ಟಿತು. ಅದೇ ಹೊತ್ತಿಗೆ ಹೊಟ್ಟೆಯಲ್ಲಿ ಮಗು ಒದೆಯಿತು. ಹೊಟ್ಟೆಯ ಮೇಲೆ ಕೈಯಿಡೋಣವೆಂದರೆ ಬಲಗೈ ಒಳಗೆ ಸಿಕ್ಕಿಕೊಂಡಿದೆ. ಎಡಗೈಯಿಂದ ಮೇಜನ್ನು ಹಿಡಿಯದಿದ್ದರೆ ನಿಲ್ಲಲು ಆಗುತ್ತಿರಲಿಲ್ಲ. ಸುದ್ದಿ ತಿಳಿದು ರಘುನಾಥ್ ಬಂದರು. ಬಿಳಿಚಿಕೊಂಡಿದ್ದರು. "ನೋವಾಗ್ತಿದೆಯಾ?" ಎಂದು ಕೇಳಿದರು. ಕುರ್ಚಿ ತರಿಸಿದರು, ಕ್ಯಾಂಟೀನಿನಿಂದ ಮಂಜುಗಡ್ಡೆ ತರಿಸಿದರು. ಆಮೇಲೆ ಪರದೆಯ ಕಡೆ ನೋಡಿ, "ಸ್ಕ್ಯಾನ್ ಮುಗಿದಿತ್ತಾ?" ಎಂದರು. "ಮುಗಿದಿದೆ ಸರ್," ಎಂದಳು ಪದ್ಮಶ್ರೀ.

ಮಂಜುಗಡ್ಡೆಯನ್ನು ತೋಳಿಗೆ ಒತ್ತಿ, ಜೆಲ್ ಸುರಿದು, ಬಹಳ ಹೊತ್ತಿನ ಮೇಲೆ ಕೈ ಹೊರಗೆ ಬಂದಿತು. ಗೆಣ್ಣುಗಳ ಮೇಲಿನ ಚರ್ಮ ಸುಲಿದಿತ್ತು. ಮರುದಿನದಿಂದ ಅವಳಿಗೆ ರಜೆ ಕೊಟ್ಟರು.

ಹೆಣ್ಣು ಮಗು ಹುಟ್ಟಿತು. ಅತ್ತ ಕಂಪನಿಯಲ್ಲಿ ಪರೀಕ್ಷೆಯ ಗಡುವು ಮುಗಿದ ವಿಮಾನಗಳು ಒಂದೊಂದಾಗಿ ಬಂದು ನಿಂತವು. ಹಾರಾಟ ಶಾಲೆಗಳು ಗಲಾಟೆ ಮಾಡತೊಡಗಿದವು. ಕಿಂಡಿಯ ವಿಷಯಕ್ಕೆ ಈಗಲಾದರೂ ಒಂದು ಪರಿಹಾರ ಸಿಗಬಹುದೆಂದು ಪದ್ಮಶ್ರೀ ಬಾಣಂತಿಕೋಣೆಯಲ್ಲಿ ಮಲಗಿ ಎಣಿಸುತ್ತಿದ್ದಳು. ಪರಿಹಾರ ಸಿಕ್ಕಿತ್ತು, ಆದರೆ ಬೇರೆ ಬಗೆಯದು. ವಿಜಯ್ ಕುಮಾರ್ ಫೋನ್ ಮಾಡಿ ತಿಳಿಸಿದರು: ಪ್ಲೈವುಡ್ ಹಲಗೆಯಲ್ಲಿ ಅದೇ ಅಳತೆಯ ಕಿಂಡಿ ಕೊರೆಸಿ ಮೇಜಿನ ಮೇಲಿಟ್ಟು, ಡಿಪ್ಲೊಮಾ ಓದಿದ ಹುಡುಗಿಯರನ್ನು ಸಂದರ್ಶನಕ್ಕೆ ಕರೆದಿದ್ದರಂತೆ. ಮೊದಲು ಕೈ, ಆಮೇಲೆ ಪ್ರಶ್ನೆ.

"ಆಫೀಸು ಬಳೆ ಅಂಗಡಿ ಆಗ್ಬಿಟ್ಟಿತ್ತು ಮೇಡಂ," ಎಂದರಂತೆ ಅವರು.

ಆಯ್ಕೆಯಾದವಳು ಪುಟ್ಟೇನಹಳ್ಳಿಯ ಮೋನಿಷಾ. ಪದ್ಮಶ್ರೀ ರಜೆ ಮುಗಿಸಿ ಹೋಗುವ ಹೊತ್ತಿಗೆ ಅವಳು ಪುಸ್ತಕದ ಪಾಠಗಳನ್ನು ಮುಗಿಸಿದ್ದಳು. ಕೈಯ ಅಭ್ಯಾಸ ಮಾತ್ರ ಬಾಕಿಯಿತ್ತು. ಅದನ್ನು ಕಲಿಸಿ, ಈಕೆ ಸಮರ್ಥಳು ಎಂದು ಸಹಿ ಮಾಡುವ ಅಧಿಕಾರ ಆ ಪೆಟ್ಟಿಗೆಯ ಮಟ್ಟಿಗೆ ಪದ್ಮಶ್ರೀಯದೇ ಆಗಿತ್ತು. ರಘುನಾಥ್ ಅವರು ನಗುತ್ತ, "ಅವಳಿಗೆ ಸಹಿ ಹಾಕಿದ ದಿನಾನೇ ನೀವು ರೆಕ್ಕೆ ತಂಡಕ್ಕೆ. ಮಾತು ಕೊಟ್ಟಿದ್ದೀನಿ," ಎಂದರು. ಅಂದು ಸಂಜೆ ಅವಳು ಮಗುವನ್ನು ಎತ್ತಿಕೊಂಡು ನಮ್ಮ ಮನೆಗೆ ಬಂದು, ನಿಂತ ಕಾಲಿನಲ್ಲಿಯೇ ಆ ಸುದ್ದಿ ಹೇಳಿ ಹೋದಳು. ಅವಳ ಮುಖದಲ್ಲಿ ಅಂಥ ಬೆಳಕನ್ನು ನಾವು ಬಹಳ ವರ್ಷಗಳಿಂದ ನೋಡಿರಲಿಲ್ಲ.

ಮೋನಿಷಾ ಚುರುಕಾದ ಹುಡುಗಿ. ಒಳಮೂಲೆಯ ತಿರುವನ್ನು ಬೆರಳಿನಿಂದಲೇ ಗುರುತಿಸಲು ಪದ್ಮಶ್ರೀಗೆ ತಿಂಗಳುಗಳು ಹಿಡಿದಿದ್ದವು. ಇವಳು ಬೇಗನೆ ಕಲಿತಳು. ತರಬೇತಿಯ ಕೊನೆಯ ದಿನ ಅವಳು ಪೆಟ್ಟಿಗೆಯೊಳಗೆ ಕೈ ಹಾಕಿ, ಕೆನ್ನೆಯನ್ನು ಗೋಡೆಗೆ ಒತ್ತಿ ನಿಂತಿದ್ದಳು. ಹಿಂದೆ ನಿಂತಿದ್ದ ಪದ್ಮಶ್ರೀಯ ಕೈಯಲ್ಲಿ ಪೆನ್ನಿತ್ತು.

"ಮೇಡಂ, ಒಂದ್ ಮಾತ್ ಕೇಳ್ಲಾ?" ಎಂದಳು ಮೋನಿಷಾ, ಪರದೆಯಿಂದ ಕಣ್ಣು ತೆಗೆಯದೆ. "ಸಂಜೆ ಕಾಲೇಜಿಗೆ ಸೇರಿ ಬಿ.ಇ. ಮುಗಿಸ್ಕೊಳ್ಬೇಕು ಅಂತಿದ್ದೀನಿ. ವಿಮಾನ ಯಾವಾಗ್ ಬೇಕಾದ್ರೂ ಬರುತ್ತಂತಲ್ಲ. ಪರೀಕ್ಷೆ ಟೈಮಲ್ಲಿ ರಜೆ ಕೊಡ್ತಾರಾ?"

ಪದ್ಮಶ್ರೀ ಪೆನ್ನಿನ ಮುಚ್ಚಳ ತೆಗೆದಳು.

"ಆಮೇಲೆ ಡಿಸೈನ್ ಕಡೆ ಹೋಗ್ಬೋದಲ್ವಾ ಮೇಡಂ? ನೀವ್ ಹೋಗ್ತಿದ್ದೀರಲ್ಲ, ಹಾಗೆ."

ಹುಡುಗಿಯ ಮುಖ ಪೆಟ್ಟಿಗೆಗೆ ಒತ್ತಿಕೊಂಡಿದ್ದುದರಿಂದ ಒಂದೇ ಕಣ್ಣು ಕಾಣುತ್ತಿತ್ತು. ಪದ್ಮಶ್ರೀ ಪೆನ್ನಿನ ಮುಚ್ಚಳ ಹಾಕಿ, ನೇರವಾಗಿ ರಘುನಾಥ್ ಅವರ ಕೋಣೆಗೆ ಹೋದಳು.

"ಸರ್, ಮೋನಿಷಾಗೆ ನಾನು ಸಹಿ ಹಾಕಲ್ಲ."

"ಯಾಕೆ? ಕೆಲ್ಸ ಬರಲ್ವಾ?"

"ತುಂಬಾ ಚೆನ್ನಾಗ್ ಬರುತ್ತೆ."

"ಮತ್ತೆ? ಇದೊಳ್ಳೆ ಕಥೆ ಆಯ್ತಲ್ರೀ!"

"ತಪ್ಪು ಇರೋದು ಡ್ರಾಯಿಂಗ್‌ನಲ್ಲಿ ಸರ್. ಕಿಂಡಿ ಅಳತೆ ನಾನು ನನ್ ಕೈ ಇಟ್ಕೊಂಡು ಮಾಡಿದ್ದು, ಬೇರೆ ಯಾರ ಕೈಯನ್ನೂ ನೋಡ್ಲಿಲ್ಲ. ಅದನ್ನ ಸರಿ ಮಾಡೋದು ಬಿಟ್ಟು ಇನ್ನೊಂದು ಕೈ ತಂದ್ಬಿಟ್ವಿ. ನಾಳೆ ಇವಳಿಗೂ ಮದುವೆ, ಮಗು. ಆಗ ಇನ್ನೊಂದು ಹುಡುಗಿ ಹುಡುಕ್ತೀವಾ?"

ರಘುನಾಥ್ ಎದ್ದು ಬಾಗಿಲು ಮುಚ್ಚಿದರು. ಆಮೇಲೆ ಮೆಲ್ಲಗೆ ಹೇಳಿದರು: "ಇಷ್ಟು ವರ್ಷ ಆದ್ಮೇಲೆ ನಿಮ್ ಡಿಸೈನ್ ತಪ್ಪು ಅಂತ ನೀವೇ ಬರೆದುಕೊಟ್ರೆ, ರೆಕ್ಕೆ ತಂಡದವ್ರು ನಿಮ್ಮನ್ನ ತಗೋತಾರಾ? ಒಂದು ಸಹಿ ಹಾಕಿ ಹೋಗ್ಬಿಡಿ ಪದ್ಮಶ್ರೀ. ಸಾಕಾಗಿದೆ ನಿಮಗೂ."

ಅವರ ಮಾತಿನಲ್ಲಿ ಕರುಣೆಯಿತ್ತು, ನ್ಯಾಯವೂ ಇತ್ತು. ವಿಮಾನಗಳು ಹಾರಬೇಕು, ಯಾರಾದರೂ ಪರೀಕ್ಷಿಸಬೇಕು. ಅವಳು ಅದನ್ನು ಅಲ್ಲಗಳೆಯಲಿಲ್ಲ. ಹಳೆಯ ಪೆಟ್ಟಿಗೆಗಳನ್ನು ತಾನೇ ನೋಡುವುದಾಗಿಯೂ, ಜೊತೆಗೆ ಹೊಸ ಪೆಟ್ಟಿಗೆಯನ್ನು ರೂಪಿಸಲು ಬಿಡಬೇಕೆಂದೂ ಕೇಳಿಕೊಂಡಳು.

"ಹಾಗಾದ್ರೆ ಹಳೇ ಪೆಟ್ಟಿಗೆಗಳು ಹಾರ್ತಿರೋವರೆಗೂ ಕೈ ನಿಮ್ಮದೇ. ರೆಕ್ಕೆ ಮರೆತುಬಿಡಿ," ಎಂದರು ಅವರು. ಅವಳು ಆಗಲಿ ಎಂದಳು.

ಎಲ್ಲಕ್ಕಿಂತ ಹೆಚ್ಚು ಸಿಟ್ಟಾದವಳು ಮೋನಿಷಾ. ಅವಳ ಮನೆಯವರು ಆ ಕೆಲಸವನ್ನು ನೆಚ್ಚಿಕೊಂಡಿದ್ದರು. "ಕಲಿಸ್ದವ್ರೇ ಹೀಗೆ ಮಾಡ್ತಾರೆ ಅಂತ ಗೊತ್ತಿರ್ಲಿಲ್ಲ. ನಿಮ್ ಜಾಗ ಬಿಡೋಕೆ ಮನ್ಸಿಲ್ಲ ಅಂತ ನೇರವಾಗ್ ಹೇಳ್ಬೋದಿತ್ತು," ಎಂದು ಎಲ್ಲರ ಮುಂದೆ ಅಂದಳು. ಪದ್ಮಶ್ರೀ ಅವಳನ್ನು ಹೊಸ ಪೆಟ್ಟಿಗೆಯ ನಕ್ಷೆಯ ಕೆಲಸಕ್ಕೆ ತನ್ನ ಪಕ್ಕದ ಮೇಜಿಗೇ ಕೇಳಿ ಹಾಕಿಸಿಕೊಂಡಳು. ಹುಡುಗಿ ಬಂದು ಕುಳಿತಳು. ಆದರೆ ಎಷ್ಟೋ ವಾರ ಬೇಕಾದ ಮಾತಿನ ಹೊರತು ಒಂದು ಮಾತೂ ಆಡಲಿಲ್ಲ.

ಹೊಸ ವಿನ್ಯಾಸದಲ್ಲಿ ಪದ್ಮಶ್ರೀ ಕಿಂಡಿಯನ್ನು ದೊಡ್ಡದು ಮಾಡಲಿಲ್ಲ. ಒಳಗೆ ಕೈ ಹಾಕುವ ಅಗತ್ಯವನ್ನೇ ತೆಗೆದುಹಾಕಿದಳು. ಒಳಮೂಲೆಯಲ್ಲಿದ್ದ ಜೋಡಣೆಯನ್ನು ಹೊರಗಿನ ಅಂಚಿಗೆ ತಂದಳು. ಆ ಅಂಚಿನ ಬಳಿ ಫೋಮನ್ನು ನಿಲ್ಲಿಸಿ, ಬರಿಯ ಕಾರ್ಬನ್ ಪದರಗಳು ಒಂದಕ್ಕೊಂದು ಅಂಟಿಕೊಂಡಿರುವಂತೆ ಮಾಡಿದಳು. ಶಬ್ದ ಈಗ ಹೊರಗಡೆಯಿಂದಲೇ ಹೋಗಿ ಬರಬಲ್ಲುದು. ತಿರುವು ಇದ್ದ ಕಡೆ ಪ್ರೋಬ್ ಕೂರುವಷ್ಟು ಅಗಲವಾದ ಸಮತಟ್ಟಾದ ಪಟ್ಟಿಯನ್ನು ಬಿಟ್ಟಳು. ಪೆಟ್ಟಿಗೆ ಮೊದಲಿಗಿಂತ ಎರಡು ಟೊಮೆಟೊಗಳಷ್ಟು ಭಾರವಾಯಿತು. ಮಾರಾಟದ ವಿಭಾಗದವರು ಮುಖ ಗಂಟಿಕ್ಕಿದರು. ಬಲದ ಪರೀಕ್ಷೆಗಳು, ಮಂಜೂರಾತಿ ಎಂದು ಎರಡು ವರ್ಷಕ್ಕೂ ಮೇಲೆ ಹಿಡಿಯಿತು. ಅಷ್ಟು ದಿನವೂ ಬೆಳಿಗ್ಗೆ ನಕ್ಷೆ, ಮಧ್ಯಾಹ್ನ ಕಿಟಕಿಯಿಲ್ಲದ ಕೋಣೆ. ರೆಕ್ಕೆ ತಂಡದ ಅಕ್ಷಯಾ ಆ ಹೊತ್ತಿಗೆ ಮುಖ್ಯಸ್ಥೆಯಾಗಿದ್ದಳು.

ಕೊನೆಯ ಪರೀಕ್ಷೆಗೆಂದು ಒಂದು ಪೆಟ್ಟಿಗೆಯ ಪದರಗಳ ನಡುವೆ ಬೆರಳುಗುರಿನಷ್ಟು ತೆಳುವಾದ ಪ್ಲಾಸ್ಟಿಕ್ ಚೂರನ್ನು ಪದ್ಮಶ್ರೀ ಅಡಗಿಸಿದ್ದಳು. ಅಂಟು ಬಿಟ್ಟ ಜಾಗ ಹೇಗೆ ಕಾಣುತ್ತದೋ ಹಾಗೆಯೇ ಅದೂ ಪರದೆಯ ಮೇಲೆ ಕಾಣಬೇಕು. ಎಲ್ಲಿದೆಯೆಂದು ಅವಳಿಗೆ ಮಾತ್ರ ಗೊತ್ತಿತ್ತು. ವಿಜಯ್ ಕುಮಾರ್ ತಮ್ಮ ಅಗಲವಾದ ಕೈಯಲ್ಲಿ ಪ್ರೋಬ್ ಹಿಡಿದು, ಕುರ್ಚಿಯಲ್ಲಿ ನೆಟ್ಟಗೆ ಕುಳಿತು, ಅಂಚಿನ ಉದ್ದಕ್ಕೂ ಸರಿಸುತ್ತ ಹೋದರು. ಒಂದು ಕಡೆ ಕೈ ನಿಂತಿತು.

"ಇಲ್ಲಿ."

ಅರ್ಬಾಜ್ ತಾನೂ ನೋಡುತ್ತೇನೆಂದು ಬಂದ. ರಘುನಾಥ್ ಅವರೂ ಕೋಟು ತೆಗೆದಿಟ್ಟು ಕುಳಿತರು. ಎಲ್ಲರ ಕೈಯೂ ಅಲ್ಲಿಯೇ ನಿಂತಿತು. ಪದ್ಮಶ್ರೀ ಗೋಡೆಗೆ ಒರಗಿಕೊಂಡು, ಎರಡು ಕೈಗಳನ್ನೂ ಕಟ್ಟಿಕೊಂಡು ನಿಂತಿದ್ದಳು. ಮೋನಿಷಾ ಅವಳ ಹತ್ತಿರಕ್ಕೆ ಬಂದು, "ಟೀ ತರ್ಲಾ ಅಕ್ಕ?" ಎಂದಳು.

ಈಗ ಹೊಸ ವಿಮಾನಗಳೆಲ್ಲ ಹೊಸ ಪೆಟ್ಟಿಗೆಯೊಡನೆ ಹೊರಡುತ್ತಿವೆ. ಹಳೆಯವುಗಳಿಗೆ ದೊಡ್ಡ ರಿಪೇರಿಗೆ ಬಂದಾಗ ಮಾತ್ರ ಬದಲಾಯಿಸುತ್ತಾರೆ. ಅದಕ್ಕೆ ಇನ್ನೂ ಕೆಲವು ವರ್ಷ ಬೇಕು. ಅಲ್ಲಿಯವರೆಗೆ ಅವು ಬರುತ್ತಲೇ ಇರುತ್ತವೆ. ಕಳೆದ ವಾರ ಒಂದು ಬಂದಿತ್ತಂತೆ. ಅಂದು ಪದ್ಮಶ್ರೀಯ ಮಗಳ ಶಾಲೆಯಲ್ಲಿ ವಾರ್ಷಿಕೋತ್ಸವ. ಮಗು ಚಿಟ್ಟೆಯ ವೇಷ ಹಾಕಿತ್ತು. ಮುನೀಂದ್ರ ಒಬ್ಬನೇ ಹೋಗಿದ್ದ. ಸಂಜೆ ಕಾಲೇಜಿಗೆ ಹೊರಟು ನಿಂತಿದ್ದ ಮೋನಿಷಾ ಕೋಣೆಯೊಳಗೆ ಇಣುಕಿದಳು.

"ಅಕ್ಕ, ನೀವ್ ಹೋಗಿ. ನಾನ್ ಹಾಕ್ತೀನಿ. ನನಗೂ ಹೋಗುತ್ತಲ್ಲ."

"ನಿನಗೆ ಸಹಿ ಎಲ್ಲಿದೆ?"

"ಈಗ ಹಾಕಿ."

"ಒಂದ್ಸಲ ಹಾಕಿದ್ರೆ ನಾಳೆಯಿಂದ ಫೋನು ನಿನಗೇ ಬರುತ್ತೆ. ಹೋಗು, ಬಸ್ ತಪ್ಪುತ್ತೆ."

ಪದ್ಮಶ್ರೀ ತೋಳಿನ ಬಟ್ಟೆಯನ್ನು ಮೇಲಕ್ಕೆ ಮಡಚಿ, ಜೆಲ್ ಹಚ್ಚಿಕೊಂಡು, ಕೈಯನ್ನು ಒಳಗೆ ತೂರಿಸಿದಳು. ಮೋನಿಷಾ ಹೋಗಲಿಲ್ಲ. ಚೀಲವನ್ನು ಹೆಗಲಿಗೆ ಹಾಕಿಕೊಂಡೇ ಬಾಗಿಲಿಗೆ ಒರಗಿ, ಆ ಕೈ ಹೊರಗೆ ಬರುವವರೆಗೂ ನಿಂತಿದ್ದಳು. ಬಸ್ಸು ತಪ್ಪಿತು.